ತಾನೇ ಹೊತ್ತಿಕೊಳ್ಳುವ ದೀಪ

ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಪರೀಕ್ಷಕರಿಗೆ ಆ ಸರ್ಕಾರಿ ಕಚೇರಿಯ ಅರ್ಜಿ ನೋಡಿ ಅನುಮಾನ ಬಂತು. ಅಷ್ಟು ದೊಡ್ಡ ಕಟ್ಟಡ ವರ್ಷಪೂರ್ತಿ ಒಂದು ಸಣ್ಣ ಮನೆಯಷ್ಟೂ ಕರೆಂಟು ಉರಿಸಿರಲಿಲ್ಲ. ಜನರೇ ಇಲ್ಲದ ಕಟ್ಟಡಕ್ಕೆ ಪ್ರಮಾಣಪತ್ರ ಕೊಡುವಂತಿಲ್ಲ. ಹಾಗಾಗಿ ಖುದ್ದಾಗಿ ನೋಡಲು ಬಂದರು. ಸಂಜೆ ಐದಕ್ಕೆ ಇನ್ನೂ ಐದು ನಿಮಿಷವಿತ್ತು. ಗಾಜಿನ ಬಾಗಿಲಾಚೆ, ಬಿಸಿಲು ಬೀಳದಂತೆ ದಪ್ಪ ಪರದೆ ಎಳೆದಿದ್ದ ಹಜಾರದಲ್ಲಿ ಕಗ್ಗತ್ತಲು.

"ಇಲ್ಲಿ ಯಾರೂ ಕೆಲಸ ಮಾಡ್ತಿಲ್ವಲ್ರೀ!"

"ಎಂಥಾ ಮಾತು ಸಾರ್! ಒಳಗೆ ನಲವತ್ತು ಜನ ಡ್ಯೂಟಿ ಮೇಲಿದಾರೆ. ಹಾಜರಿ ಪುಸ್ತಕ ತೋರಿಸ್ಲಾ?" ಎಂದರು ಕಚೇರಿಯ ಮುಖ್ಯಸ್ಥರು.

"ಮತ್ತೆ ಲೈಟ್ ಯಾಕಿಲ್ಲ? ಕೆಟ್ಟಿದ್ಯಾ?"

"ಇಲ್ಲ ಸಾರ್, ಸೆನ್ಸರ್ ಲೈಟು. ಯಾರಾದ್ರೂ ಒಂಚೂರು ಅಲ್ಲಾಡಿದ್ರೆ ಸಾಕು, ತಾನೇ ಹತ್ಕೊಳ್ಳುತ್ತೆ. ಯಾರೂ ಅಲ್ಲಾಡದಿದ್ರೆ ಹತ್ತು ನಿಮಿಷಕ್ಕೆ ಆರೋಗುತ್ತೆ."

"ನನ್ನ ಕಿವಿ ಮೇಲೆ ಹೂ ಇಡಬೇಡಿ" ಎಂದ ಪರೀಕ್ಷಕರು, ಅರ್ಜಿಯ ಮೇಲೆ 'ಖಾಲಿ ಕಟ್ಟಡ' ಎಂದು ಬರೆಯಲು ಪೆನ್ನು ತೆಗೆದರು.

ಅಷ್ಟರಲ್ಲಿ ಗೋಡೆಯ ಗಡಿಯಾರ ಐದು ಹೊಡೆಯಿತು. ಹಜಾರದ ಅಷ್ಟೂ ದೀಪಗಳು ಒಮ್ಮೆಗೇ ಝಗ್ಗನೆ ಹೊತ್ತಿಕೊಂಡವು.