ಶನಿವಾರದ ತಂಡ

ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ ಗೋಡೆಗೆ ಅಂಟಿಸಿದ್ದ ಶನಿವಾರದ ಪಟ್ಟಿಯನ್ನು ಲಿಂಡ್ಸೆ ಟ್ರೆವಿನ್ ಎರಡು ಸಲ ಓದಿದ. ಇಪ್ಪತ್ತೆರಡು ಹೆಸರುಗಳಲ್ಲಿ ಮಗ ಕೋರಿಯದು ಇರಲಿಲ್ಲ. ಹಾಳೆಯನ್ನು ಕಿತ್ತು ತಂದು, ಬಿಯರ್ ಹಿಡಿದು ಕುಳಿತಿದ್ದ ಆಯ್ಕೆಗಾರ ಕೀತ್‌ನ ಮುಂದೆ ಕುಕ್ಕಿದ.

“ಏನಯ್ಯಾ ಇದು? ಸೆಮಿಫೈನಲ್‌ಗೆ ನಿನ್ನ ಅಳಿಯ ಬೇಕು, ನನ್ನ ಮಗ ಬೇಡ. ಆ ಸೋಮಾರಿ ಚೆಂಡು ಹಿಡಿದಿದ್ದನ್ನ ಈ ಊರಲ್ಲಿ ಯಾರಾದ್ರೂ ನೋಡಿದಾರಾ?”

“ನಿನ್ನ ಮಗ ಹೋದ ವಾರ ಎಷ್ಟು ಹಿಡಿದ, ಅದನ್ನ ಹೇಳು,” ಎಂದು ಪಕ್ಕದ ಮೇಜಿನಿಂದ ಮಾಂಸದಂಗಡಿಯ ಡೆರಿಲ್ ಕೆಣಕಿದ. “ಮೆಲ್ಬರ್ನಿನ ದೊಡ್ಡ ತಂಡದವರು ಬಂದು ಎತ್ಕೊಂಡು ಹೋಗ್ತಾರೆ ಅಂತಿದ್ದೆ ನೀನು. ಹುಡುಗ ನೋಡಿದ್ರೆ ಮೈದಾನದ ತುಂಬ ನಿದ್ದೆಗಣ್ಣಲ್ಲಿ ಓಡಾಡ್ತಿದ್ದ. ಕೈಬಿಟ್ಟಿದ್ದೇ ಒಳ್ಳೇದಾಯ್ತು.”

ಸುತ್ತಲಿದ್ದವರು ನಕ್ಕರು. ಕೀತ್ ಮಾತ್ರ ತುಟಿ ಬಿಚ್ಚಲಿಲ್ಲ. ಆ ಮೌನವೇ ಲಿಂಡ್ಸೆಯನ್ನು ಇನ್ನಷ್ಟು ಕೆರಳಿಸಿತು. ಅವನು ಕೀತ್‌ನ ಕೊರಳಪಟ್ಟಿಗೆ ಕೈ ಹಾಕಿದ.

“ಬಿಡಪ್ಪ ಅವರನ್ನ,” ಎಂದು ಕೋರಿ ಬಾಗಿಲ ಬಳಿಯಿಂದ ಹೇಳಿದ. “ನನ್ನ ಹೆಸರು ತೆಗೀರಿ ಅಂತ ನಾನೇ ಕೇಳ್ಕೊಂಡೆ. ಯಾರಿಗೂ ಹೇಳ್ಬೇಡಿ ಅಂತಾನೂ ಅಂದಿದ್ದೆ. ಹೋದ ವಾರ ತಲೆಗೆ ಏಟು ಬಿದ್ದಾಗಿಂದ ಚೆಂಡು ಎರಡೆರಡಾಗಿ ಕಾಣ್ತಿದೆ.”

“ಮನೇಲಿ ಬಾಯಿ ಬಿಡೋಕೆ ನಿಂಗೇನಾಗಿತ್ತು?”

“ಭಾನುವಾರ ಬೆಳಿಗ್ಗೆ ಹೇಳಿದ್ನಲ್ಲ. ‘ಗಂಡಸಿನ ಥರ ಇರು, ಆಟದ ಹೊತ್ತಿಗೆ ಸರಿಹೋಗುತ್ತೆ’ ಅಂದೆ ನೀನು.”

ಲಿಂಡ್ಸೆಯ ಹಿಡಿತ ತಾನಾಗಿ ಸಡಿಲವಾಯಿತು. ಕೀತ್ ಅಂಗಿ ಸರಿಪಡಿಸಿಕೊಂಡು ಪಕ್ಕದ ಕುರ್ಚಿಯನ್ನು ಎಳೆದ. ಕೋರಿ ಅಪ್ಪನನ್ನು ದಾಟಿಕೊಂಡು ಹೋಗಿ ಅದರಲ್ಲಿ ಕೂತ.