ಅಜ್ಜನ ತಪಾಸಣೆ

ಸಭೆಯ ಕೋಣೆಯ ಬಾಗಿಲು ತೆರೆದದ್ದೇ ತಡ, ಪೊಲೀಸರೆಲ್ಲ ‘ಅಜ್ಜ’ ಅಂತ ಕರೆಯುವ ಆ ನಿವೃತ್ತ ನಾಯಿ ಹಿಂಗಾಲು ಎಳೆದುಕೊಂಡೇ ಕುರ್ಚಿಗಳನ್ನು ಮೂಸತೊಡಗಿತು. ದೊಡ್ಡವರು ಕೂರುವ ಮುಂಚೆ ಬಾಂಬು ಹುಡುಕುವುದೇ ಅದರ ಜೀವಮಾನದ ಕೆಲಸವಾಗಿತ್ತು. ಅದರ ಸೊಂಟದ ಆಪರೇಷನ್ನಿಗೆ ಸರ್ಕಾರದ ನೆರವು ಕೇಳಲು ಬಂದಿದ್ದ ಪೇದೆ ಅದರ ಹಗ್ಗ ಸಡಿಲ ಬಿಟ್ಟ.

“ಕೆಲಸ ಬಿಟ್ಟ ನಾಯಿಗೆಲ್ಲ ಆಸ್ಪತ್ರೆ ಖರ್ಚು ಕೊಡ್ತಾ ಹೋದ್ರೆ ಆಯ್ತು ಕಥೆ! ಮೊದಲು ಅದನ್ನ ಹಿಡ್ಕೊಳ್ಳಯ್ಯ,” ಅಂದರು ಆ ಖರ್ಚು ಮಂಜೂರು ಮಾಡಬೇಕಿದ್ದ ಸಾಹೇಬರು, ಕುರ್ಚಿ ಎಳೆಯುತ್ತ.

“ಕೆಲಸ ಬಿಟ್ಟಿದೀನಿ ಅಂತ ಅದಕ್ಕಿನ್ನೂ ಗೊತ್ತಿಲ್ಲ ಸಾರ್. ನಿಮ್ಮ ಕುರ್ಚಿ ಒಂದು ಬಾಕಿ ಇದೆ.”

ಅಜ್ಜ ನಡುವೆ ಕುಸಿಯಿತು, ಸಾವರಿಸಿಕೊಂಡು ಎದ್ದು ಬಂದು ಆ ಕುರ್ಚಿಯನ್ನೂ ಸುತ್ತ ಮೂಸಿತು. ಅಷ್ಟು ಹೊತ್ತೂ ಸಾಹೇಬರು ಕೂರಲಿಲ್ಲ.

“ಡಾಕ್ಟ್ರಿಗೆ ಹೇಳಯ್ಯ,” ಅಂದರು ನಿಂತುಕೊಂಡೇ, “ಖರ್ಚು ಸರ್ಕಾರದ್ದು ಅಂತ.”