ಅಪ್ಪನ ಅಂಗೈ

ಸೈಫುದ್ದೀನನ ಕೈಯ ಮೇಲೆ ಡಾಕ್ಟರ್ ಬಸಗೊಂಡಪ್ಪ ತಮ್ಮ ಅಂಗೈ ಇಟ್ಟದ್ದನ್ನು ಕಂಡು ಅವರ ಮಗ ಚಂದ್ರಾಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಹುಡುಗರಿಬ್ಬರೂ ಹುಬ್ಬಳ್ಳಿಯಲ್ಲಿ ಡಾಕ್ಟರಿ ಓದುವವರು. ಸೂಟಿಗೆ ಊರಿಗೆ ಬರುವ ಇಂಥವರನ್ನು ಹಿರಿಯ ಡಾಕ್ಟರುಗಳು ಜೊತೆಗಿಟ್ಟುಕೊಂಡು ಕಲಿಸಬೇಕೆಂದು ಬಿಜಾಪುರವೆಲ್ಲ ಓಡಾಡಿ ಏರ್ಪಾಡು ಮಾಡಿದವರು ಬಸಗೊಂಡಪ್ಪನವರೇ.

ತಿಕೋಟಾದ ಅವರ ದವಾಖಾನೆಯ ಮಂಚದ ಮೇಲೆ ಚಳಿಜ್ವರದ ಮಲ್ಲಿಕಸಾಬ ಅಂಗಿ ಎತ್ತಿಕೊಂಡು ಮಲಗಿದ್ದ; ಸೈಫುದ್ದೀನನ ಕೈ ಅವನ ಹೊಟ್ಟೆಯ ಎಡಭಾಗದ ಮೇಲಿತ್ತು.

"ಒತ್ತಬ್ಯಾಡೋ. ಅಂವಾ ಉಸುರು ತಗೊಂಡಾಗ ಜ್ವರಕ್ಕ ಊದಿದ ಗುಲ್ಮ ತಾನ ಬಂದು ಬೆರಳಿಗೆ ತಾಗತೈತಿ," ಎಂದರು ಡಾಕ್ಟರು.

"ತಾಗಿತ್ರೀ ಸರ್!" ಸೈಫುದ್ದೀನನ ಮುಖ ಅರಳಿತು.

ಅಪ್ಪ ತನ್ನ ಕೈಯನ್ನು ಹೀಗೆ ಹಿಡಿದದ್ದು ಚಂದ್ರಾಮನಿಗೆ ನೆನಪೇ ಇರಲಿಲ್ಲ. ಮನೆಯ ಹುಡುಗ, ನೋಡಿ ಕಲಿತಾನು ಎಂದು ಬಿಟ್ಟಿದ್ದರು. ತನ್ನ ಸರದಿ ಬಂದಾಗ ಅವನು ಬೇಕೆಂದೇ ತಪ್ಪು ಜಾಗದಲ್ಲಿ ಕೈ ಇಟ್ಟ. ತಿದ್ದಲಿಕ್ಕಾದರೂ ಅಪ್ಪ ಕೈ ಹಿಡಿದಾರು ಎಂದು ಕಾದ. ಅವರು ನೋಡಿದರೂ ಕೈ ಚಾಚಲಿಲ್ಲ. ಸಿಟ್ಟಿನಿಂದ ಒತ್ತಿಬಿಟ್ಟ.

"ಯಾ ಅಲ್ಲಾ!" ಮಲ್ಲಿಕಸಾಬ ಚೀರಿದ.

"ಸೈಫು, ಇವಂಗ ನೀ ತೋರಸಪಾ," ಎಂದು ಹೇಳಿ ಬಸಗೊಂಡಪ್ಪ ಮುಂದಿನ ರೋಗಿಯ ಕಡೆ ಹೊರಳಿದರು.

ಸೈಫುದ್ದೀನ ಚಂದ್ರಾಮನ ಕೈಯನ್ನು ಮೆಲ್ಲಗೆ ಎತ್ತಿ ರೋಗಿಯ ಎಡ ಪಕ್ಕೆಲುಬಿನ ಕೆಳಗಿರಿಸಿ, ಅದರ ಮೇಲೆ ತನ್ನ ಅಂಗೈ ಇಟ್ಟ. ಕೊಡವಿ ಹಾಕಬೇಕೆಂದಿದ್ದ ಚಂದ್ರಾಮ ಹಾಗೆಯೇ ನಿಂತ. ಆ ಕೈಯಲ್ಲಿ ಅಪ್ಪನ ಅಂಗೈಯ ಬಿಸುಪು ಇನ್ನೂ ಇತ್ತು.